ಹುಲಗಪ್ಪನ ಎದೆಮಟ್ಟ

ಮರ ಕಂಡರೆ ಸತ್ಯವಂತನಿಗೆ ಮೊದಲು ಹೊಳೆಯುತ್ತಿದ್ದುದು ಅದರ ತೂಕ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕೆರೆಯ ದಂಡೆಗೆ ಕರೆದೊಯ್ದು, ಎದುರಿನ ಹುಣಸೆಮರ ಒಣಗಿದರೆ ಎಷ್ಟು ಮಣ ಕಟ್ಟಿಗೆ, ಎಷ್ಟು ಮಣ ಎಲೆ ಎಂದು ಅರ್ಧ ತಾಸು ಹೇಳಿದ ಮಹಾನುಭಾವ. ಅವಳು, ಹನ್ನಾ, ಮಿಷನ್ ಶಾಲೆಯೊಂದರ ಟೀಚರು, ತಾಳ್ಮೆ ರೂಢಿಯಾಗಿತ್ತು. ರಾಯಾಪುರದ ಮನೆಯ ಹಿತ್ತಲಲ್ಲಿ ಅವನು ಟೊಂಗೆ, ತೊಗಟೆ, ಎಲೆಗಳನ್ನು ಬೇರೆ ಬೇರೆ ಒಣಗಿಸಿ ತಕ್ಕಡಿಗೆ ಹಾಕುವುದನ್ನು ಕಂಡು ಓಣಿಯೆಲ್ಲ ನಕ್ಕರೂ ಅವಳು ನಗಲಿಲ್ಲ.

ಧಾರವಾಡದ ಅರಣ್ಯ ಇಲಾಖೆಯ ಕಚೇರಿಯಲ್ಲಿ ಅವನಿಗಿದ್ದ ಕೆಲಸ ಹೇಳಲು ಸುಲಭ. ಹಳಿಯಾಳದ ಕಡೆಯ ಒಂದು ಸಾಗವಾನಿ ಕಾಡು ವರ್ಷಕ್ಕೆ ಎಷ್ಟು ಬೆಳೆಯುತ್ತದೆಂದು ಕಂಡುಹಿಡಿಯಬೇಕು. ಬೆಳೆದಷ್ಟನ್ನೇ ಕಡಿದರೆ ಕಾಡು ಎಂದೆಂದಿಗೂ ಉಳಿಯುತ್ತದೆ, ಹೆಚ್ಚು ಕಡಿದರೆ ಉಳಿಯುವುದು ಬೋಳುಗುಡ್ಡ. ಆ ಒಂದು ಅಂಕಿಗಾಗಿ ಅವನು ಒಂಬತ್ತು ವರ್ಷ ಸವೆಸಿದ.

ಮರದ ಸುತ್ತಳತೆಯನ್ನು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ತೆಗೆಯಬೇಕು. ಪ್ರತಿ ವರ್ಷ ಅದೇ ಎತ್ತರ ಸಿಗಲೆಂದು ಅಲ್ಲೊಂದು ಬಣ್ಣದ ಪಟ್ಟೆ ಬಳಿಯುವುದು ಪದ್ಧತಿ. ಆದರೆ ಆ ಕಾಡಿನಲ್ಲಿ ಕಡಿಯಬೇಕಾದ ಮರಕ್ಕೂ ಬಣ್ಣವೇ ಗುರುತು. ಗುತ್ತಿಗೆದಾರನ ಆಳುಗಳು ತಪ್ಪು ತಿಳಿದು, ತಾನು ಅಳತೆಗೆಂದು ಆರಿಸಿಕೊಂಡ ಮುನ್ನೂರು ಮರಗಳಿಗೆ ಕೊಡಲಿ ಹಾಕಿಯಾರೆಂದು ಸತ್ಯವಂತ ಹೆದರಿದ. 1957ರ ಜನವರಿಯಲ್ಲಿ ಕಾಡಿನ ಗಾರ್ಡ್ ಹುಲಗಪ್ಪನನ್ನು ನೆಟ್ಟಗೆ ನಿಲ್ಲಿಸಿ ಟೇಪು ಹಿಡಿದ. ನಾಲ್ಕೂವರೆ ಅಡಿ ಸರಿಯಾಗಿ ಅವನ ಖಾಕಿ ಅಂಗಿಯ ಜೇಬಿನ ಗುಂಡಿಗೆ ಬಂತು. ಬಣ್ಣ ಯಾಕೆ, ಹುಲಗಪ್ಪನೇ ಇದ್ದಾನಲ್ಲ ಎಂದು ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡ.

ಅಂದಿನಿಂದ ಪ್ರತಿ ಜನವರಿಯೂ ಹುಲಗಪ್ಪ ಗುಂಡಿಯ ಮಟ್ಟಕ್ಕೆ ಟೇಪು ಸುತ್ತಿ ಅಂಕಿ ಹೇಳುವುದು, ಸತ್ಯವಂತ ತಲೆಬಗ್ಗಿಸಿ ಬರೆದುಕೊಳ್ಳುವುದು. ಕಾಡು ಯಾರೂ ಎಣಿಸದಷ್ಟು ಜೋರಾಗಿ ಬೆಳೆಯುತ್ತಿತ್ತು. 1965ರಲ್ಲಿ ಅವನ ವರದಿ ಹೋಯಿತು, ಮೇಲಿನವರು ಬೆನ್ನು ತಟ್ಟಿದರು. ಅವನು ಬರೆದಷ್ಟೇ ಮರ ಕಡಿಯಲು ಗುತ್ತಿಗೆಯೂ ಆಯಿತು.

ಮರುವರ್ಷ ಹುಲಗಪ್ಪ ನಿವೃತ್ತನಾದ. ಅವನಿಗೊಂದು ಅಂಗಿ ಹೊಲಿದುಕೊಡಬೇಕೆಂದು ಹನ್ನಾ ಮನೆಗೆ ಕರೆಸಿದಳು. ಅಳತೆ ತೆಗೆಯುತ್ತ, ಹಿಂದಿನ ಭಾಗ ಉದ್ದ ಕತ್ತರಿಸಬೇಕೆಂದು ತನ್ನಷ್ಟಕ್ಕೇ ಅಂದುಕೊಂಡಳು.

"ಕಾಕಾನ ಬೆನ್ನು ಎಷ್ಟ ಬಾಗೇತಿ ನೋಡ್ರಿ" ಎಂದಳು ಗಂಡನಿಗೆ.

ಸತ್ಯವಂತ ನೋಡಿದ. ಒಂಬತ್ತು ವರ್ಷದಲ್ಲಿ ಅವನು ಆ ಮನುಷ್ಯನನ್ನು ನೋಡಿದ್ದು ಅದೇ ಮೊದಲಿರಬೇಕು. ಅವಳ ಕೈಯಿಂದ ಟೇಪು ಕಸಿದುಕೊಂಡು ನೆಲದಿಂದ ಹುಲಗಪ್ಪನ ಖಾಕಿ ಅಂಗಿಯ ಜೇಬಿನ ಗುಂಡಿಯವರೆಗೆ ಹಿಡಿದ. ನಾಲ್ಕು ಅಡಿಗೂ ಒಂದಿಂಚು ಕಡಿಮೆ. ಮರ ಬುಡದ ಕಡೆಗೆ ದಪ್ಪವಿರುತ್ತದೆ. ಹುಲಗಪ್ಪ ವರ್ಷ ವರ್ಷ ಬಾಗಿದಂತೆ ಟೇಪೂ ಕೆಳಗಿಳಿದಿತ್ತು, ಅಂಕಿ ಏರಿತ್ತು. ಮುದುಕನ ಬೆನ್ನನ್ನು ಅವನು ಕಾಡಿನ ಬೆಳವಣಿಗೆಯೆಂದು ಬರೆದುಕೊಂಡಿದ್ದ.

ಮರುದಿನವೇ ಒಬ್ಬನೇ ಕಾಡಿಗೆ ಹೋಗಿ, ನಾಲ್ಕೂವರೆ ಅಡಿಯ ಕೋಲು ಹಿಡಿದು ನಾಲ್ಕು ದಿನ ಮತ್ತೆ ಅಳೆದ. ನಿಜವಾದ ಬೆಳವಣಿಗೆ ತಾನು ಬರೆದದ್ದರ ಅರ್ಧವೂ ಇರಲಿಲ್ಲ. ತಪ್ಪೆಲ್ಲ ತನ್ನದೇ, ಕಡಿಯುವುದನ್ನು ನಿಲ್ಲಿಸಿ ಎಂದು ಬರೆದುಕೊಟ್ಟ, ಹುಲಗಪ್ಪನ ಹೆಸರನ್ನು ಎಲ್ಲಿಯೂ ಎತ್ತಲಿಲ್ಲ. ಮೇಲಧಿಕಾರಿ ಬಿಂದುಮಾಧವರು ಕೆಟ್ಟವರಲ್ಲ. ಎರಡು ಸಲ ಓದಿದರು, ಕನ್ನಡಕ ತೆಗೆದಿಟ್ಟರು, ಹತ್ತು ವರ್ಷದ ಗುತ್ತಿಗೆಗೆ ಸಹಿ ಬಿದ್ದಾಗಿದೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಅವನು ಇನ್ನೂ ಮೇಲಿನವರಿಗೆ ಬರೆದ. ಯಾರೂ ಉತ್ತರಿಸಲಿಲ್ಲ.

ಮಳೆಗಾಲ ಮುಗಿದ ಮೇಲೆ ಹುಲಗಪ್ಪ ಹೊಸ ಅಂಗಿ ತೊಟ್ಟು ರಾಯಾಪುರಕ್ಕೆ ಬಂದ. ಇಬ್ಬರೂ ಮನೆಮುಂದಿನ ಕಟ್ಟೆಯ ಮೇಲೆ ಕೂತು ಮಾತಾಡುತ್ತಿರುವಾಗ, ಎದುರಿನ ರಸ್ತೆಯಲ್ಲಿ ಧಾರವಾಡದ ಕಡೆಯಿಂದ ಸಾಗವಾನಿ ದಿಮ್ಮಿ ಹೇರಿಕೊಂಡ ಲಾರಿಗಳು ಹುಬ್ಬಳ್ಳಿಗೆ ಹೋಗತೊಡಗಿದವು. ಒಂದು, ಅದರ ಹಿಂದೆ ಇನ್ನೊಂದು.

"ನಾವು ಅಳದ ಕಾಡಲ್ರಿ ಸಾಹೇಬ್ರ ಇದು?"

ಸತ್ಯವಂತ ಹೌದೆಂದ.

"ನಮ್ಮ ಲೆಕ್ಕ ನೋಡೇ ಕಡ್ಯಾಕತ್ತಾರಂತ. ಊರಾಗ ಎಲ್ಲಾರಿಗೂ ಹೇಳೇನಿ, ಕಡದಷ್ಟೂ ತಿರಗಿ ಬೆಳೀತಾವ, ಸಾಹೇಬ್ರೂ ನಾನೂ ಒಂಬತ್ತ ವರ್ಷ ಅಳದೇವಿ ಅಂತ." ಹುಲಗಪ್ಪ ಇನ್ನೊಂದು ಲಾರಿ ದಾಟುವುದನ್ನು ಕಾದ. "ಬೆಳೀತಾವಲ್ರಿ?"

ಚಹಾ ತಂದ ಹನ್ನಾ ಬಾಗಿಲಲ್ಲೇ ನಿಂತಳು. ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಬೆಳೀತಾವ ಕಾಕಾ" ಎಂದ ಸತ್ಯವಂತ.

ನೀರು ಕುಡಿದು ಬರುತ್ತೇನೆಂದು ಎದ್ದು ಒಳಗೆ ಹೋದ. ಅಡುಗೆಮನೆಯಲ್ಲಿ ಗೋಡೆಗೆ ಮುಖವಿಟ್ಟು ಸಣ್ಣ ಮಗುವಿನ ಹಾಗೆ ಅತ್ತ. ಆ ಸದ್ದು ಹೊರಗೆ ಕೇಳದಿರಲೆಂದು ಹನ್ನಾ ಹುಲಗಪ್ಪನ ಪಕ್ಕ ಕೂತು, ಗಟ್ಟಿಯಾಗಿ, ಅವನ ಮೊಮ್ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಕೇಳತೊಡಗಿದಳು.