ಕೆಡದೇ ಉಳಿದ ಗೇರ್‌ಬಾಕ್ಸು

ಸಿಗ್ರಿಡ್ ಅಜ್ಜಿಯ ಟ್ರಕ್ಕು ನಲವತ್ತು ವರ್ಷ ಹಳೆಯದು, ಗೇರು ತಾನಾಗಿಯೇ ಬದಲಾಗುವಂಥದ್ದು. ಈಚೆಗೆ ಎಂಜಿನ್ ಎಷ್ಟು ಅರಚಿದರೂ ಅದು ಎರಡನೇ ಗೇರು ಬಿಟ್ಟು ಮೇಲೇರುತ್ತಿರಲಿಲ್ಲ. ಏರಿದರೂ ಧಡ್ಡೆಂದು ಒದೆಯುತ್ತಿತ್ತು. ಗೇರ್‌ಬಾಕ್ಸೇ ಹೋಗಿದೆಯೆಂದು ಪಕ್ಕದೂರಿನ ಗ್ಯಾರೇಜಿನವರು ಕೈಚೆಲ್ಲಿದ್ದರು.

ಅಮೆರಿಕದ ಮೊಂಟಾನಾದಲ್ಲಿದ್ದ ಅಜ್ಜಿಯ ಊರಿಗೆ ವೆಂಡೆಲ್ ಒಬ್ಬನೇ ಮೆಕ್ಯಾನಿಕ್. ಎಂಜಿನ್ ಓಡುತ್ತಿರುವಾಗಲೇ ಅಳತೆಕಡ್ಡಿ ಎಳೆದು ಗೇರಿನ ಎಣ್ಣೆ ನೋಡಿದ. ಕೆಂಪಗಿತ್ತು, ಸುಟ್ಟ ವಾಸನೆಯಿರಲಿಲ್ಲ; ಅಂದರೆ ಒಳಗೇನೂ ಸವೆದಿರಲಿಲ್ಲ. ಆಮೇಲೆ ಗಾಡಿಯಡಿ ನುಸುಳಿ, ಎಂಜಿನ್ನಿನ ಗಾಳಿಯೆಳೆತವನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ರಬ್ಬರ್ ಕೊಳವೆ ಹಿಡಿದ. ಅದು ಕೈಯಲ್ಲೇ ಪುಡಿಯಾಯಿತು. ಆ ಎಳೆತ ತಲುಪದೆಯೇ ಗೇರು ಬದಲಾಗಲು ತಡವರಿಸುತ್ತಿತ್ತು. ಬೆರಳುದ್ದದ ಹೊಸದೊಂದನ್ನು ಸಿಕ್ಕಿಸಿ ಹೆದ್ದಾರಿಗೆ ಒಯ್ದ. ಗೇರುಗಳು ಸರಾಗವಾಗಿ ಏರಿದವು.

"ಅಜ್ಜಿ, ಗೇರ್‌ಬಾಕ್ಸಿಗೆ ಏನೂ ಆಗಿಲ್ಲ. ಇನ್ನೂ ಹತ್ತು ವರ್ಷ ಓಡುತ್ತೆ."

ಹಿಗ್ಗುತ್ತಾಳೆಂದುಕೊಂಡಿದ್ದ. ಸಿಗ್ರಿಡ್ ಮುಖ ಬಾಡಿತು.

"ಕೆಟ್ಟೋಗಿದೆ ಅಂದಿದ್ರೆ ಗುಜರಿಗೆ ಹಾಕ್ತಿದ್ದೆ ಕಣೋ. ಯಜಮಾನ್ರ ಗಾಡಿ ಇದು. ಅವರು ತೀರಿಕೊಂಡ ಮೇಲೆ ಇದನ್ನ ನೋಡೋಕೇ ಆಗಲ್ಲ ನಂಗೆ."

ವೆಂಡೆಲ್ ಕೈಯೊರೆಸಿಕೊಂಡ. "ಚೆನ್ನಾಗಿರೋದನ್ನೂ ಮಾರಬಹುದಲ್ಲ ಅಜ್ಜಿ. ಅದಕ್ಕೆ ಕೆಡಲೇಬೇಕು ಅಂತೇನಿಲ್ಲ."

"ಜನ ಏನಂತಾರೆ?"

"ಒಂದು ಟ್ರಕ್ಕು ಮಾರಿದ್ಲು ಅಂತಾರೆ."

ಅಜ್ಜಿ ನಕ್ಕೇಬಿಟ್ಟಳು. ಮರುವಾರ ಬೀಜದಂಗಡಿಯ ಗಾಜಿನ ಮೇಲೆ, ಅವಳದೇ ದುಂಡಕ್ಷರದಲ್ಲಿ, ಟ್ರಕ್ಕು ಮಾರಾಟಕ್ಕಿದೆಯೆಂಬ ಚೀಟಿ ಅಂಟಿತ್ತು.