ಎರಡು ಕಂಪನಿ, ಒಂದು ಲೈನು

ಆ ದೊಡ್ಡಾಸ್ಪತ್ರೆಗೆ ಫೋನ್ ಮಾಡಿದವರಿಗೆಲ್ಲ ಮೊದಲು ಸಿಗುತ್ತಿದ್ದುದು ಅವಳ ದನಿ. ಹತ್ತೊಂಬತ್ತು ವರ್ಷದಿಂದ ಟೆಲಿಫೋನ್ ಎಕ್ಸ್‌ಚೇಂಜಿನ ಅದೇ ಕುರ್ಚಿ, ಅದೇ ಮೂಲೆ. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣದು. ಆದರೆ ಯಾವ ವಾರ್ಡಿನ ಫೋನು ಎಷ್ಟು ಸಲ ಬಡಿದುಕೊಂಡರೆ ಎತ್ತುತ್ತಾರೆ, ಯಾವ ಡಾಕ್ಟರನ್ನು ಊಟದ ಹೊತ್ತಿನಲ್ಲಿ ಕರೆದರೆ ಸಿಡುಕುತ್ತಾರೆ ಎಂಬುದೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಹಿರಿಯರು, ಕಿರಿಯರೆನ್ನದೆ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಆಸ್ಪತ್ರೆಯ ಒಳಗಿನ ಮುನ್ನೂರ ನಲವತ್ತು ನಂಬರುಗಳು ಅವಳಿಗೆ ಬಾಯಿಪಾಠ. ಬಾಯಿಪಾಠ ಮಾಡಲಾಗದ್ದು ಒಂದೇ, ಡ್ಯೂಟಿ ಪಟ್ಟಿ. ಯಾವ ಡಾಕ್ಟರು ಈಗ ಎಲ್ಲಿದ್ದಾರೆ ಎಂಬುದು ಗಂಟೆಗೊಮ್ಮೆ ಬದಲಾಗುತ್ತಿತ್ತು. ಅದನ್ನು ಕಂಪ್ಯೂಟರು ಅವಳ ಎಡಗಿವಿಗೆ ಓದಿ ಹೇಳುತ್ತಿತ್ತು. ಬಲಗಿವಿ ಕರೆ ಮಾಡಿದವರಿಗೆ ಮೀಸಲು. ಪರದೆಯ ಮೇಲಿನ ಅಕ್ಷರ ಓದುವ ಆ ಸಾಫ್ಟ್‌ವೇರಿನದು ಗಂಡಸಿನ ದನಿ, ಉಸಿರು ಬಿಡದ ಮಾತು. ಅವಳು ಅದಕ್ಕೆ ‘ಮೈದುನ’ ಎಂದು ಹೆಸರಿಟ್ಟಿದ್ದಳು. ಬಡಗಿ ಕೆಲಸದ ಗಂಡ, “ನಮ್ಮಪ್ಪಂಗೆ ನಾನೊಬ್ಬನೇ ಮಗ. ಈ ತಮ್ಮ ಎಲ್ಲಿಂದ ಹುಟ್ಕೊಂಡ?” ಎಂದು ನಗುತ್ತಿದ್ದ.

ಒಂದು ಸೋಮವಾರ ಬೆಳಗ್ಗೆ ಅವಳು ಹೆಡ್‌ಫೋನ್ ಏರಿಸಿ ಪಟ್ಟಿ ತೆರೆದಳು. “ಬಟನ್,” ಎಂದ ಮೈದುನ. ಒಂದು ಸಾಲು ಕೆಳಗಿಳಿದಳು. “ಬಟನ್.” ಇನ್ನೊಂದು ಸಾಲು. “ಬಟನ್.” ಹೃದಯದ ಡಾಕ್ಟರು, ಮೂಳೆ ಡಾಕ್ಟರು, ಹೆರಿಗೆ ವಾರ್ಡು, ಎಲ್ಲರೂ ಭಾನುವಾರ ಕಳೆಯುವುದರೊಳಗೆ ಬಟನ್ ಆಗಿಬಿಟ್ಟಿದ್ದರು. ಅಷ್ಟರಲ್ಲಿ ಆರು ಕರೆಗಳು ಸಾಲುಗಟ್ಟಿ ಕಾಯುತ್ತಿದ್ದವು.

ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಓಡಿಬಂದ. ಯಾವಾಗಲೂ ಕೊರಳಿಗೆ ಒಂದು ಸುರುಳಿ ವೈರು ಹಾಕಿಕೊಂಡೇ ಓಡಾಡುವ ಆ ಬೋಳುತಲೆಯವನನ್ನು ಆಸ್ಪತ್ರೆಯವರೆಲ್ಲ ವೈರಪ್ಪ ಎನ್ನುತ್ತಿದ್ದರು. ಮಧ್ಯಾಹ್ನದವರೆಗೂ ಕೀಲಿಮಣೆ ಕುಟ್ಟಿ ಕೊನೆಗೆ ಕೈಚೆಲ್ಲಿದ.

“ಶನಿವಾರ ಎಲ್ಲ ಕಂಪ್ಯೂಟರಿಗೂ ಹೊಸ ಆಪರೇಟಿಂಗ್ ಸಿಸ್ಟಮ್ ಬಂತಕ್ಕ. ನಿಮ್ಮ ಮೈದುನನ್ನ ಮಾಡಿದ್ದು ಬೇರೆ ಕಂಪನಿ. ಅವರೂ ಒಂದು ಆಪರೇಟಿಂಗ್ ಸಿಸ್ಟಮ್ ಮಾರ್ತಾರೆ, ನಮ್ಮ ಸಿಸ್ಟಮ್ ಮಾಡೋ ಇವರ ಎದುರಾಳಿಗಳು. ಇಷ್ಟು ದಿನ ಇವರ ಸಿಸ್ಟಮ್ಮಿನೊಳಗೆ ಅವರದು ಇಣುಕಿ ಓದೋಕೆ ಒಂದು ಕಿಂಡಿ ಇತ್ತು. ಅದನ್ನ ಇವರು ಮುಚ್ಚಿಬಿಟ್ಟಿದಾರೆ. ಹೆಸರು ಕಾಣದೆ ಎಲ್ಲದಕ್ಕೂ ಬಟನ್ ಅಂತಿದೆ. ಸುರಕ್ಷತೆಗೆ ಅಂತ ಇವರು, ಬೇಕಂತಲೇ ಮುಚ್ಚಿದ್ದು ಅಂತ ಅವರು.”

“ಹಳೇದನ್ನೇ ಹಾಕ್ಕೊಡಪ್ಪ.”

“ಹಳೇದು ಹಾಕಿದ್ರೆ ಆಸ್ಪತ್ರೆ ನೆಟ್‌ವರ್ಕು ಒಳಗೇ ಬಿಟ್ಕೊಳ್ಳಲ್ಲ. ಪಟ್ಟಿನೇ ತೆರೆಯಲ್ಲ.”

“ಈ ಕಂಪನಿಯವರದೇ ಓದೋದು ಏನೂ ಇಲ್ವಾ?”

“ಇದೆ. ಬೇರೆ ಭಾಷೆಗಳನ್ನ ಚೆನ್ನಾಗಿ ಓದತ್ತೆ. ನಮ್ಮ ಅಕ್ಷರ ಬಂದ ಕಡೆ ಸುಮ್ಮನಾಗತ್ತೆ.”

ಆ ವಾರವೆಲ್ಲ ವೈರಪ್ಪ ಎರಡೂ ಕಂಪನಿಗೆ ಪತ್ರ ಬರೆದ. ಎರಡೂ ಕಡೆಯಿಂದ ವಿನಯ ತುಂಬಿ ತುಳುಕುವ ಉತ್ತರ ಬಂತು. ತಪ್ಪು ಮಾತ್ರ ಇನ್ನೊಬ್ಬರದು. ಅಕ್ಕನಿಗೆ ರೇಗಿಹೋಯಿತು. ಎರಡು ಲೈನುಗಳನ್ನು ಕೂಡಿಸುವುದು ಅವಳ ಕಸುಬು. ಗುರುವಾರ ಊಟದ ಬಿಡುವಿನಲ್ಲಿ ಎರಡೂ ಕಂಪನಿಯ ಸಹಾಯವಾಣಿಗೆ ಕರೆ ಹಾಕಿದಳು. ಒಂದು ಕಿವಿಯಲ್ಲಿ ಪಿಟೀಲು, ಇನ್ನೊಂದರಲ್ಲಿ ಪಿಯಾನೊ. ಮುಕ್ಕಾಲು ಗಂಟೆ ಎರಡನ್ನೂ ಸಹಿಸಿಕೊಂಡ ಮೇಲೆ ಒಂದು ಕಡೆ ಹೆಂಗಸು, ಇನ್ನೊಂದು ಕಡೆ ಗಂಡಸು ಸಿಕ್ಕರು. ಎರಡನ್ನೂ ಕೂಡಿಸಿದಳು.

“ನಾನು ಆಸ್ಪತ್ರೆಯ ಆಪರೇಟರು. ನೀವಿಬ್ಬರೂ ಈಗ ಒಂದೇ ಲೈನಲ್ಲಿದೀರಿ. ನೀವು ನೀವೇ ಮಾತಾಡ್ಕೊಂಡು ನನಗೊಂದು ದಾರಿ ಹೇಳಿ.”

ಓದುವ ಸಾಫ್ಟ್‌ವೇರಿನ ಕಂಪನಿಯ ಗಂಡಸು ಕೆಮ್ಮಿದ. “ಮೇಡಂ, ನಮ್ಮ ಕಡೆ ಏನೂ ಬದಲಾಗಿಲ್ಲ. ಅವರು ಪ್ರವೇಶ ಕೊಟ್ರೆ ಇವತ್ತೇ ಓದತ್ತೆ.”

“ಅವರು ಹೊಸ ಒಪ್ಪಂದಕ್ಕೆ ಸಹಿ ಹಾಕಿದ್ರೆ ಇವತ್ತೇ ಕೊಡ್ತೀವಿ,” ಎಂದಳು ಆ ಕಡೆಯ ಹೆಂಗಸು.

“ಸಹಿ ಹಾಕಿದ್ರೆ ನಮ್ಮ ಗುಟ್ಟೆಲ್ಲ ಅವರ ಮುಂದೆ ಬಿಚ್ಚಿಡಬೇಕಾಗತ್ತೆ.”

“ಆ ವಿಷಯ ಕೋರ್ಟಲ್ಲಿದೆ. ನಾವು ಮಾತಾಡೋ ಹಾಗಿಲ್ಲ.”

“ನಾವೂ ಮಾತಾಡೋ ಹಾಗಿಲ್ಲ.”

“ಸದ್ಯ, ಇದೊಂದಕ್ಕಾದ್ರೂ ಇಬ್ಬರೂ ಒಪ್ಪಿದ್ರಲ್ಲ,” ಎಂದಳು ಅಕ್ಕ.

ಗಂಡಸು ದೂರಿನ ನಂಬರು ಕೊಟ್ಟು, ಶುಭದಿನ ಹಾರೈಸಿ ಫೋನಿಟ್ಟ. ಹೆಂಗಸು ಇಡಲಿಲ್ಲ. ದನಿ ತಗ್ಗಿಸಿ ಹೇಳಿದಳು: “ನನಗೂ ಬೇಜಾರಾಗತ್ತೆ ಕಣ್ರೀ. ಏನು ಹೇಳ್ಬೇಕು ಅಂತ ನನ್ನ ಮುಂದೆ ಬರೆದಿಟ್ಟಿದಾರೆ. ಅದನ್ನೇ ಓದ್ತೀನಿ.”

“ಓದೋಕಾದ್ರೂ ಇದೆಯಲ್ಲಮ್ಮ ನಿಮಗೆ,” ಎಂದಳು ಅಕ್ಕ. ಅಂದ ಮೇಲೆ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ ಲೈನು ಕಡಿದಿತ್ತು.

ಆ ಸಂಜೆ ಗಂಡ ಅವಳ ಮುಖ ನೋಡಿದ. ಭಾನುವಾರವಿಡೀ ಕೂತು ಒಂದು ಹಲಗೆ ಮಾಡಿದ. ವಿಭಾಗಕ್ಕೊಂದು ಕೊರೆದ ಸಣ್ಣ ಸಾಲು. ಅದರೊಳಗೆ ಜಾರಿಸಿ ಕೂರಿಸಲು ಬೆರಳುದ್ದದ ಮರದ ಪಟ್ಟಿಗಳು. ಒಂದೊಂದರ ಮೇಲೂ ಒಬ್ಬೊಬ್ಬ ಡಾಕ್ಟರ ಹೆಸರನ್ನು ಅವಳೇ ಬ್ರೈಲಿನಲ್ಲಿ ಚುಚ್ಚಿ ಅಂಟಿಸಿದಳು. ದಿನಾ ಬೆಳಗ್ಗೆ ವಾರ್ಡು ವಾರ್ಡಿಗೆ ಫೋನ್ ಮಾಡಿ, ನರ್ಸುಗಳಿಂದ ಕೇಳಿ ತಿಳಿದು ಪಟ್ಟಿಗಳನ್ನು ಜೋಡಿಸುತ್ತಿದ್ದಳು. ಬದಲಾದರೆ ತಿಳಿಸುತ್ತೇವೆ ಎಂದು ಎಲ್ಲರೂ ಮಾತು ಕೊಟ್ಟರು. ಮೊದಲ ವಾರ ತಿಳಿಸಿದರು. ಎರಡನೆಯ ವಾರ ಅರ್ಧಂಬರ್ಧ. ಅವರನ್ನು ದೂರುವಂತಿರಲಿಲ್ಲ. ಒಂದು ಕೈಯಲ್ಲಿ ಡ್ರಿಪ್ಪು, ಇನ್ನೊಂದರಲ್ಲಿ ಫೋನು ಎಷ್ಟು ದಿನ ಹಿಡಿದಾರು?

ನಾಲ್ಕನೆಯ ವಾರದ ಮಂಗಳವಾರ, ಹನ್ನೊಂದೂವರೆಗೆ ಒಬ್ಬ ತಾಯಿ ಫೋನ್ ಮಾಡಿದಳು. ಮಗು ಗಡಿಯಾರದ ಬಿಲ್ಲೆ ಬ್ಯಾಟರಿ ನುಂಗಿದೆ, ಕರೆದುಕೊಂಡು ಹೊರಟಿದ್ದೇವೆ, ಡಾಕ್ಟರಿಗೆ ಹೇಳಿ ಎಂದು ಒಂದೇ ಸಮನೆ ಅಳುತ್ತಿದ್ದಳು. ಅಕ್ಕ ಹಲಗೆಯ ಮೇಲೆ ಬೆರಳಾಡಿಸಿ, ಮಕ್ಕಳ ಸರ್ಜನ್ನರ ಕೋಣೆಗೆ ಲೈನು ಕೊಟ್ಟಳು. ಫೋನು ಬಡಿದುಕೊಂಡೇ ಇತ್ತು. ಹನ್ನೊಂದಕ್ಕೆ ಅವರು ಡ್ಯೂಟಿ ಬದಲಿಸಿಕೊಂಡು ಮನೆಗೆ ಹೋಗಿದ್ದರು. ಅವಳಿಗೆ ಯಾರೂ ಹೇಳಿರಲಿಲ್ಲ. ವಾರ್ಡಿಗೆ ಹಾಕಿದಳು, ಎಂಗೇಜು. ತುರ್ತು ವಿಭಾಗಕ್ಕೆ ಹಾಕಿದಳು, ಅದೂ ಎಂಗೇಜು. ಕಂಪ್ಯೂಟರಿನ ಬಾಣದ ಕೀಲಿಯನ್ನು ಸುಮ್ಮನೆ ಒತ್ತಿದಳು. ಬಟನ್, ಬಟನ್, ಬಟನ್. “ಯಾರಾದ್ರೂ ಬನ್ರಪ್ಪ, ಈ ಪರದೆ ಮೇಲೆ ಏನಿದೆ ಓದಿ!” ಎಂದು ಬಾಗಿಲ ಕಡೆ ತಿರುಗಿ ಕೂಗಿದಳು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ದನಿ ಏರಿಸಿದ್ದು ಅದೇ ಮೊದಲು. ಕಾರಿಡಾರು ಖಾಲಿ ಇತ್ತು. ಬೇರೊಬ್ಬ ಡಾಕ್ಟರು ಸಿಗುವ ಹೊತ್ತಿಗೆ ನಾಲ್ಕು ನಿಮಿಷ ಕಳೆದಿತ್ತು.

ಮಗು ಉಳಿಯಿತು. ಅನ್ನನಾಳ ಸುಟ್ಟಿದ್ದರಿಂದ ಆರು ವಾರ ನಳಿಗೆಯಲ್ಲಿ ಹಾಲು ಕುಡಿಯಿತು. ಆ ಸುಡುವಿಕೆಯಲ್ಲಿ ತನ್ನ ನಾಲ್ಕು ನಿಮಿಷದ ಪಾಲೆಷ್ಟು ಎಂದು ಅಕ್ಕ ಮಗುವಿಗೆ ಚಿಕಿತ್ಸೆ ಮಾಡಿದ ಸರ್ಜನ್ನರನ್ನೇ ಕೇಳಿದಳು. “ಹಾಗೆಲ್ಲ ಲೆಕ್ಕ ಹಾಕೋಕಾಗಲ್ಲಮ್ಮ,” ಎಂದರು ಅವರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಸ್ಪತ್ರೆಯ ಮುಖ್ಯಸ್ಥೆಯೂ ಬೈಯಲಿಲ್ಲ. ಕರೆಸಿ, ಕೂರಿಸಿ, “ನಿಮ್ಮದು ಏನೇನೂ ತಪ್ಪಿಲ್ಲ,” ಎಂದರು. ಮುಂದಿನ ತಿಂಗಳಿಂದ ಕರೆಗಳನ್ನು ಯಂತ್ರವೇ ತೆಗೆದುಕೊಳ್ಳುತ್ತದೆ, ಅವಳಿಗೆ ಬಟ್ಟೆ ಕೋಣೆಯಲ್ಲಿ ಕೆಲಸ, ಸಂಬಳ ಅಷ್ಟೇ ಎಂದರು. ಯಾರೊಡನೆ ಜಗಳವಾಡುವುದು? ಎದುರಿಗೆ ಕೂತವರು ನಿಜವಾಗಿಯೂ ಒಳ್ಳೆಯವರು.

ಬಟ್ಟೆ ಕೋಣೆಯಲ್ಲಿ ಆಗಷ್ಟೇ ಇಸ್ತ್ರಿಯಾದ ಬಟ್ಟೆಯ ಬಿಸಿ ವಾಸನೆ. ಆಪರೇಷನ್ನಿಗೆ ತೊಡುವ ಹಸಿರು ನಿಲುವಂಗಿಗಳನ್ನು ಹೊಲಿಗೆ ಒಳಗೆ ಬರುವಂತೆ ಮಡಿಚಿ, ಹನ್ನೆರಡರ ಕಟ್ಟು ಕಟ್ಟಬೇಕು. ಅವಳ ಕೈ ಬೇಗ ಪಳಗಿತು. ಇಡೀ ದಿನ ಅಲ್ಲಿ ಫೋನೇ ಬಡಿಯುತ್ತಿರಲಿಲ್ಲ. ಮೊದಮೊದಲು ಮನೆಗೆ ಬಂದರೂ ಮಾತಾಡಲು ಮನಸ್ಸಾಗುತ್ತಿರಲಿಲ್ಲ. ಗಂಡ ತಾನೇ ಆ ಕಡೆಯದು ಈ ಕಡೆಯದು ಹೇಳಿ ನಗಿಸಲು ನೋಡುತ್ತಿದ್ದ, ಅವಳೂ ಅವನಿಗಾಗಿ ನಗುತ್ತಿದ್ದಳು.

ಹದಿನಾಲ್ಕು ತಿಂಗಳ ಮೇಲೆ ಒಂದು ಬೆಳಗ್ಗೆ ವೈರಪ್ಪ ಏದುಸಿರು ಬಿಡುತ್ತ ಒಳಗೆ ಬಂದ. “ಅಕ್ಕ, ರಾಜಿಯಾಯ್ತು! ಇಬ್ಬರೂ ಕೈಕುಲುಕಿದಾರಂತೆ. ಕಿಂಡಿ ತೆಗೆದ್ರು. ಬನ್ನಿ, ಓದ್ತಿದೆ!”

ಅವನ ಮೊಣಕೈ ಹಿಡಿದು ಅವಳು ಕಂಪ್ಯೂಟರ್ ವಿಭಾಗಕ್ಕೆ ಹೋದಳು. ಎಕ್ಸ್‌ಚೇಂಜ್ ಕೋಣೆಯನ್ನು ಉಗ್ರಾಣ ಮಾಡಿ ಆಗಲೇ ವರ್ಷವಾಗಿತ್ತು. ಅವನು ತನ್ನ ಹೆಡ್‌ಫೋನು ಕೊಟ್ಟ. ಅದೇ ಗಂಡು ದನಿ, ಉಸಿರು ಬಿಡದ ಮಾತು. ಹೃದಯದ ವಿಭಾಗ, ಮೂಳೆ ವಿಭಾಗ, ಒಂದೊಂದೇ ಹೆಸರು ಸ್ಪಷ್ಟವಾಗಿ ಓದಿತು. ಅರ್ಧಕ್ಕರ್ಧ ಹೆಸರುಗಳು ಅವಳಿಗೆ ಹೊಸವು. ಪಟ್ಟಿ ಮುಗಿಯುವವರೆಗೂ ಅವಳು ಕೇಳಿದಳು.

“ಹೆಂಗಿದೆ?” ಎಂದ ವೈರಪ್ಪ.

“ಚೆನ್ನಾಗಿ ಓದ್ತಾನೆ,” ಎಂದಳು. ಹೆಡ್‌ಫೋನು ತೆಗೆದು ಅವನ ಕೈಗಿಟ್ಟಳು. “ಇದನ್ನೀಗ ಯಾರು ಕೇಳ್ತಾರಪ್ಪ?”

ವೈರಪ್ಪ ಕೊರಳಿನ ವೈರನ್ನು ತಿರುವುತ್ತ ನಿಂತ.

“ನನ್ನನ್ನ ಕೆಳಗೆ ಬಿಟ್ಟು ಬಾ. ಹನ್ನೆರಡು ಗಂಟೆಗಿರೋ ಆಪರೇಷನ್ನಿಗೆ ಇನ್ನೂ ಮೂರು ಕಟ್ಟು ಕಟ್ಟೋದಿದೆ.”