ಸಕ್ಕರೆ ಕಳ್ಳಿಯ ಗಮನಕ್ಕೆ

ಅಕ್ಕನಿಗೂ ನನಗೂ ಮಾತು ನಿಂತು ಮೂರು ದಿನವಾಗಿತ್ತು. ಅವಳಿಗೆ ಐವತ್ತೆರಡು, ನನಗೆ ನಲವತ್ತೊಂಬತ್ತು. ಮೂವತ್ತಡಿಯ ಹಾಯಿದೋಣಿ, ಸುತ್ತ ಸಾಗರ, ನೆಲ ಕಾಣಲು ಇನ್ನೂ ಹನ್ನೆರಡು ದಿನ. ಅಂಥ ಕಡೆ ಸ್ಕೂಲು ಮಕ್ಕಳ ಹಾಗೆ ಠೂ ಬಿಟ್ಟು ಕೂತಿದ್ದೆವು. ನಗಬೇಡಿ. ಇಪ್ಪತ್ತು ದಿನ ಒಂದೇ ಮುಖ ನೋಡಿ, ಆಮೇಲೆ ಮಾತಾಡಿ.

ಜಗಳ ಶುರುವಾದದ್ದು ಸಕ್ಕರೆಗೆ. ಅಡುಗೆ ನನ್ನದು, ಅಳತೆಯೂ ನನ್ನದೇ. ಡಬ್ಬಿಯ ಅರ್ಧ ಸಕ್ಕರೆ ಒಂದೇ ದಿನದಲ್ಲಿ ಮಾಯವಾಗಿತ್ತು.

"ಕದ್ದು ತಿಂದ್ಯಾ?" ಎಂದೆ.

"ಹೂಂ ಕಣೇ, ತಿಂದೆ. ಏನೀಗ?" ಎಂದಳು.

ಚಿಕ್ಕಂದಿನಿಂದಲೂ ಅವಳದು ಇದೇ ಧಿಮಾಕು. ನನಗೆ ಮೈಯೆಲ್ಲ ಉರಿದುಹೋಯಿತು.

ಅಲ್ಲಿಂದ ನಮ್ಮ ಮಾತುಕತೆಯೆಲ್ಲ ಪಾಳಿ ಪುಸ್ತಕದಲ್ಲೇ. ಒಬ್ಬಳು ಚುಕ್ಕಾಣಿ ಹಿಡಿದರೆ ಇನ್ನೊಬ್ಬಳು ಮಲಗಬೇಕು. ಪಾಳಿ ಮುಗಿಸಿದವಳು ಗಾಳಿ ಎತ್ತ, ಕೆಟ್ಟದ್ದೇನು, ರಿಪೇರಿಯೇನು ಎಂದು ಬರೆದಿಡಬೇಕು. ಬಂದವಳು ಅದನ್ನು ಓದಿಯೇ ಚುಕ್ಕಾಣಿ ಮುಟ್ಟಬೇಕು. ಈ ಕಾನೂನು ಮಾಡಿದವಳೂ ಅಕ್ಕನೇ.

ಆ ದಿನ ಬೆಳಿಗ್ಗೆ ಆರಕ್ಕೆ ಪುಸ್ತಕ ಬರೆದಿಟ್ಟು ಮಲಗಿದೆ. ಹನ್ನೊಂದಕ್ಕೆ ಪಂಪಿನ ಸದ್ದಿಗೆ ಎಚ್ಚರವಾಯಿತು. ದೋಣಿಯ ತಳದಲ್ಲಿ ನೀರು ಸೇರಿದರೆ ತಾನಾಗಿ ಓಡಿ ಹೊರಗೆ ಚೆಲ್ಲುವ ಪಂಪು ಅದು. ದಿನಕ್ಕೊಮ್ಮೆ ಗುರ್ರೆಂದು ಸುಮ್ಮನಾಗುತ್ತಿದ್ದದ್ದು ಈಗ ನಿಲ್ಲುವುದು, ಮತ್ತೆ ಶುರುವಾಗುವುದು. ಮೇಲೆ ಗಾಳಿಯ ಅಬ್ಬರದಲ್ಲಿ ಅಕ್ಕನಿಗೆ ಕೇಳಿಸಿರಲಿಲ್ಲ.

"ಅಕ್ಕಾ! ನೀರು ನುಗ್ತಿದೆ! ಬಾರೇ!"

ಚುಕ್ಕಾಣಿಗೆ ಹಗ್ಗ ಬಿಗಿದು ಧಡಧಡ ಇಳಿದು ಬಂದಳು. ಇಬ್ಬರೂ ನೆಲದ ಹಲಗೆ ಎತ್ತಿದೆವು. ಅವಳು ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಉಪ್ಪಾದರೆ ತಳ ಒಡೆದಿದೆ ಎಂದರ್ಥ.

"ಉಪ್ಪಿಲ್ಲ," ಎಂದಳು.

"ಅಬ್ಬಾ, ಬದುಕಿದೆವು," ಎಂದೆ.

ಅವಳ ಮುಖ ಬಿಳಿಚಿಕೊಂಡಿತ್ತು. "ಬದುಕೋದೇನು ಬಂತು? ಇದು ನಾವು ಕುಡಿಯೋ ನೀರು! ಪಂಪ್ ನಿಲ್ಲಿಸು!"

ಪಂಪಿನ ಸ್ವಿಚ್ ಆರಿಸಿ ಸಿಂಕಿನ ಕೆಳಗೆ ಬಗ್ಗಿ ನೋಡಿದೆ. ಕುಡಿಯುವ ನೀರಿನ ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿಗೆ ರಾತ್ರಿ ಪಾಳಿಯಲ್ಲಿ ನಾನು ಸುತ್ತಿದ್ದ ಬಟ್ಟೆ ಜಾರಿ ನೀರು ಧಾರೆಯಾಗಿ ಸುರಿಯುತ್ತಿತ್ತು. ವಾಲ್ವ್ ಪೂರ್ತಿ ತೆರೆದಿತ್ತು. ತಿರುಗಿಸಿ ಮುಚ್ಚಿದೆ.

"ಟೀ ಮಾಡ್ಕೊಂಡು ಇದನ್ನ ಮುಚ್ಚಬಾರದಿತ್ತಾ?"

"ಮುಚ್ಚು ಅಂತ ಯಾರು ಹೇಳಿದ್ರು?"

"ಪುಸ್ತಕದಲ್ಲಿ ಬರೆದಿದ್ನಲ್ಲೇ!"

ಅಕ್ಕ ಪುಸ್ತಕ ತಂದು ನನ್ನ ಮುಂದೆ ಹಿಡಿದಳು. ನನ್ನದೇ ಅಕ್ಷರ: 'ಸಕ್ಕರೆ ಕಳ್ಳಿಯ ಗಮನಕ್ಕೆ. ಪೈಪಿನ ಕ್ಲಿಪ್ಪು ತುಂಡಾಗಿದೆ. ನೀರು ಹಿಡಿದ ಮೇಲೆ ವಾಲ್ವ್ ಮುಚ್ಚು.'

"ಮೊದಲ ಸಾಲು ಓದಿ ಪುಸ್ತಕ ಮುಚ್ಚಿಟ್ಟೆ," ಎಂದಳು.

ತಪ್ಪು ಅವಳದೆಷ್ಟೋ ನನ್ನದೂ ಅಷ್ಟೇ, ಅಥವಾ ಒಂದು ತೂಕ ಹೆಚ್ಚು.

ಟ್ಯಾಂಕಿಗೆ ಕೋಲು ಬಿಟ್ಟು ನೋಡಿದೆವು. ಹದಿನಾಲ್ಕು ಲೀಟರ್ ಉಳಿದಿತ್ತು. ತಳದಲ್ಲಿದ್ದದ್ದು ಡೀಸೆಲ್ಲಿನೊಂದಿಗೆ ಬೆರೆತು ಕುಡಿಯುವ ಹಾಗಿರಲಿಲ್ಲ. ಇಬ್ಬರು, ಹನ್ನೆರಡು ದಿನ. ಸಾಲದು. ಹೇಗೆ ಭಾಗಿಸಿದರೂ ಸಾಲದು.

"ಆ ಚೀಲದಲ್ಲಿ ಐದೈದು ಲೀಟರಿನ ಎರಡು ಕ್ಯಾನ್ ಇದೆ. ತೆಗೆದಿಡು," ಎಂದು ಅಕ್ಕ ಚುಕ್ಕಾಣಿಗೆ ಹೋದಳು.

ಆ ಚೀಲವೆಂದರೆ ದೋಣಿ ಮುಳುಗುವಾಗ ಎತ್ತಿಕೊಂಡು ಹಾರಬೇಕಾದ ಚೀಲ. ಅದನ್ನು ಕಂಡರೇ ನನಗೆ ಭಯ. ಅದರ ಸುದ್ದಿಯನ್ನೇ ನನ್ನೆದುರು ಎತ್ತಬಾರದೆಂದು ಹೊರಡುವ ದಿನವೇ ಅಕ್ಕನ ಮೇಲೆ ಆಣೆ ಹಾಕಿದ್ದೆ. ಈಗ ಬೇರೆ ದಾರಿಯಿರಲಿಲ್ಲ. ಜಿಪ್ ಎಳೆದು ಒಂದು ಕ್ಯಾನ್ ತೆಗೆದೆ, ಇನ್ನೊಂದನ್ನೂ ತೆಗೆದೆ. ಅದರಡಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯಿತ್ತು. ತುಂಬ ಸಕ್ಕರೆ. ಮುಚ್ಚಳದ ಮೇಲೆ ಅಕ್ಕನ ಗುಂಡಗಿನ ಅಕ್ಷರ: 'ತಂಗಿಗೆ. ಹಸಿದರೆ ತಲೆಸುತ್ತು ಬರುತ್ತದೆ.'

ಅಡುಗೆಯ ಡಬ್ಬಿಯಿಂದ ಮಾಯವಾಗಿದ್ದಷ್ಟೇ ಸಕ್ಕರೆ ಅದರಲ್ಲಿತ್ತು.

ಒಬ್ಬೊಬ್ಬರಿಗೆ ದಿನಕ್ಕೊಂದು ಲೀಟರ್. ಗಾಳಿ ಕೈಕೊಡದಿದ್ದರೆ ಉಳಿಯುತ್ತೇವೆ. ಗೆರೆ ಎಳೆದ ಎರಡು ಲೋಟಕ್ಕೆ ನೀರು ಅಳೆದು, ಅವಳದಕ್ಕೆ ಒಂದು ಚಮಚ ಸಕ್ಕರೆ ಹಾಕಿ ಮೇಲೆ ಒಯ್ದೆ. ಒಂದು ಗುಟುಕು ಕುಡಿದವಳೇ ಲೋಟವನ್ನು ನನ್ನ ಕೈಗೆ ತುರುಕಿದಳು.

"ಅದು ನಿಂಗೆ ಕಣೇ ಇಟ್ಟಿದ್ದು, ದಡ್ಡಿ."

ನನಗೆ ತಡೆಯಲಾಗಲಿಲ್ಲ. ಅಕ್ಕ ದಿಕ್ಸೂಚಿಯಿಂದ ಕಣ್ಣು ತೆಗೆಯದೆ ಗದರಿದಳು.

"ಅಳ್ಬೇಡ ಕಣೇ. ನೀರು ದಂಡ."